ಅಮ್ಮನ ಮನೆಯ ಡೋರ್ ನಂಬರು

ಮಾರಾಯಾ,

ನಿನ್ನ ವಾಯ್ಸ್ ಮೆಸೇಜು ಎರಡು ಸಲ ಕೇಳಿದೆ. ಹನ್ನೊಂದು ನಿಮಿಷ. ಅದರಲ್ಲಿ ಹತ್ತು ನಿಮಿಷ ನೀನು ಹೊಸದಾಗಿ ಶುರುಮಾಡುವ ಕಂಪನಿಯ ಹೆಸರಿನ ಬಗ್ಗೆ, ವಿಳಾಸಕ್ಕೆ ಒಂದೆರಡೇ ಮಾತು, ಮೊದಲನೆಯದು: "ಅಡ್ರೆಸ್ಸಿಗೆ ಬಿಜೈಯಲ್ಲಿ ಅಮ್ಮನ ಮನೆ ಉಂಟಲ್ಲ, ಅದನ್ನೇ ಹಾಕುವಾ." ಉತ್ತರ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಪ್ರಶ್ನೆ ಕೇಳುವವನು ನೀನೊಬ್ಬನೇ ಅಲ್ಲ, ಹಾಗಾಗಿ ನಾಲ್ಕು ಜನ ಓದುವಲ್ಲೇ ಬರೆಯುತ್ತಿದ್ದೇನೆ. ನಿನ್ನ ಮರ್ಯಾದೆ ನನ್ನ ಕೈಯಲ್ಲಿ ಭದ್ರವಾಗಿ ಉಂಟು. ಕಂಕನಾಡಿಯ ಕೊಡೆಯ ವಿಷಯ ಎತ್ತುವುದೇ ಇಲ್ಲ.

ನೀನು "ಅಡ್ರೆಸ್" ಎಂದು ಒಂದೇ ಉಸಿರಿನಲ್ಲಿ ಹೇಳುವುದು ಎರಡು ಬೇರೆ ಬೇರೆ ಸಂಗತಿ. ಒಂದು, ಕಂಪನಿ ಕಾಯ್ದೆಯ ರಿಜಿಸ್ಟರ್ಡ್ ಆಫೀಸು. ಇನ್ನೊಂದು, ಜಿಎಸ್‌ಟಿಯವರು ಕೇಳುವ ಪ್ರಿನ್ಸಿಪಲ್ ಪ್ಲೇಸ್ ಆಫ್ ಬಿಸಿನೆಸ್, ಅಂದರೆ ವ್ಯಾಪಾರ ನಿಜವಾಗಿ ನಡೆಯುವ ಮುಖ್ಯ ಜಾಗ. ಎರಡೂ ಒಂದೇ ಆಗಿರಬೇಕೆಂದಿಲ್ಲ. ನಿನ್ನ ರಟ್ಟಿನ ಬಾಕ್ಸುಗಳೆಲ್ಲ ಇರುವುದು ಬೈಕಂಪಾಡಿಯ ಗೋಡೌನಿನಲ್ಲಿ. ಲೋಡ್ ಇಳಿಯುವುದು, ಬಿಲ್ ಹರಿಯುವುದು ಎಲ್ಲ ಅಲ್ಲೇ. ಜಿಎಸ್‌ಟಿಗೆ ಬಿಜೈ ಕೊಟ್ಟು ಗೋಡೌನನ್ನು ಹೇಳದೆ ಬಿಟ್ಟೆಯೋ, ಅಲ್ಲಿಂದ ತಲೆನೋವು ಶುರು. ಘೋಷಿಸಿದ ಜಾಗದಲ್ಲಿ ವ್ಯಾಪಾರ ನಡೆಯದಿದ್ದರೆ ನೋಂದಣಿಯನ್ನೇ ರದ್ದು ಮಾಡಲು ನಿಯಮ 21ರಲ್ಲಿ ಅವಕಾಶ ಉಂಟು.

ರಿಜಿಸ್ಟರ್ಡ್ ಆಫೀಸಿನ ಲೆಕ್ಕ ಬೇರೆ. 2013ರ ಕಾಯ್ದೆಯ 12ನೇ ಸೆಕ್ಷನ್ ಕೇಳುವುದು ಇಷ್ಟೇ: ಕಂಪನಿ ಹುಟ್ಟಿದ 30 ದಿನದೊಳಗೆ ಒಂದು ಆಫೀಸು ಇರಬೇಕು, ಅದು ಕಾಗದ, ನೋಟಿಸುಗಳನ್ನು ತೆಗೆದುಕೊಳ್ಳಲು ಮತ್ತು ತೆಗೆದುಕೊಂಡಿದ್ದೇವೆ ಎಂದು ಒಪ್ಪಲು ಶಕ್ತವಾಗಿರಬೇಕು. ಎಷ್ಟು ಚದರಡಿ, ಎಷ್ಟು ಕುರ್ಚಿ ಎಂದು ಕೇಳುವುದಿಲ್ಲ. ಜಾಗ ಇನ್ನೂ ಗಟ್ಟಿಯಾಗದಿದ್ದರೆ ಕಂಪನಿ ನೋಂದಣಿಯ ಸ್ಪೈಸ್ ಪ್ಲಸ್ ಅರ್ಜಿಯಲ್ಲಿ ಪತ್ರವ್ಯವಹಾರದ ವಿಳಾಸ ಕೊಟ್ಟು, 30 ದಿನದೊಳಗೆ ಆಫೀಸಿನ ವಿಳಾಸ ತಿಳಿಸುವ ಐಎನ್‌ಸಿ-22 ಫಾರ್ಮ್ ಹಾಕಬಹುದು. ಅವಸರದಲ್ಲಿ ಕೈಗೆ ಸಿಕ್ಕ ವಿಳಾಸ ತುಂಬಿಸಬೇಡ. ತಪ್ಪಿದರೆ ದಿನಕ್ಕೆ 1,000 ರೂಪಾಯಿ ದಂಡ, ಗರಿಷ್ಠ ಒಂದು ಲಕ್ಷ. ಕಂಪನಿಗೆ ಬೇರೆ, ತಪ್ಪಿಗೆ ಹೊಣೆಯಾದ ನಿನಗೆ ಬೇರೆ.

ಇನ್ನು ಕಾಗದಗಳು. ಬಾಡಿಗೆ ಜಾಗವಾದರೆ ನೋಟರಿ ಮಾಡಿದ ಕರಾರು, ಒಂದು ತಿಂಗಳಿಗಿಂತ ಹಳೆಯದಲ್ಲದ ಬಾಡಿಗೆ ರಶೀದಿ, ಮಾಲೀಕರ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ), ಎರಡು ತಿಂಗಳೊಳಗಿನ ಕರೆಂಟ್ ಬಿಲ್. ಕೇಳಲಿಕ್ಕೆ ಸುಲಭ. ನಮ್ಮೂರಿನಲ್ಲಿ ಎಡವುವುದೆಲ್ಲ ಈ ಕೊನೆಯದರಲ್ಲಿ.

ಮೆಸ್ಕಾಂ ಬಿಲ್ಲು ಒಮ್ಮೆ ಸರಿಯಾಗಿ ನೋಡು. ಮೀಟರ್ ರೀಡರ್ ಕೈಯ ಮೆಷಿನ್ನಿನಿಂದ ಹರಿದುಕೊಡುವ ಆ ನುಣುಪು ಚೀಟಿ. ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟರೆ ಬಿಸಿಲು ತಾಗಿ ತಿಂಗಳೊಳಗೆ ಅಕ್ಷರ ಮಾಯ. ಬಂದ ದಿನವೇ ಸ್ಕ್ಯಾನ್ ಮಾಡು, ಇಲ್ಲವೇ ಆನ್‌ಲೈನ್ ಪ್ರತಿ ಇಳಿಸಿಕೋ. ಅಕ್ಷರ ಉಳಿದರೂ ಅದರಲ್ಲಿರುವ ಹೆಸರು ಯಾರದ್ದು? ನಿನ್ನ ಮನೆಯದ್ದು ಇನ್ನೂ ಅಜ್ಜನ ಹೆಸರಿನಲ್ಲೇ ಇರಬೇಕು, ಬೆಟ್ ಕಟ್ಟುತ್ತೇನೆ. ತೀರಿಕೊಂಡವರು ಎನ್‌ಒಸಿಗೆ ಸಹಿ ಹಾಕುವುದಿಲ್ಲ. ಎನ್‌ಒಸಿಯಲ್ಲಿ ಅಮ್ಮನ ಸಹಿ, ಬಿಲ್ಲಿನಲ್ಲಿ ಅಜ್ಜನ ಹೆಸರು, ತೆರಿಗೆ ರಶೀದಿಯಲ್ಲಿ ದೊಡ್ಡ ಮಾವ. ಜಿಎಸ್‌ಟಿ ಕಡೆಯಿಂದ ರೆಗ್-03 ನೋಟಿಸು ಬರುವುದಕ್ಕೆ ಇಷ್ಟು ಧಾರಾಳ ಸಾಕು. ಉತ್ತರಕ್ಕೆ ಏಳೇ ಕೆಲಸದ ದಿನ. ಆ ಏಳು ದಿನದಲ್ಲಿ ವಂಶವೃಕ್ಷ ತೆಗೆದು, ಖಾತೆ ಬದಲಾಯಿಸಿ, ಮೆಸ್ಕಾಂನಲ್ಲಿ ಹೆಸರು ತಿದ್ದಿಸಿ ಮುಗಿಸುತ್ತೇನೆ ಎನ್ನುವವನನ್ನು ನಾನು ನೋಡಬೇಕು.

ಕುಟುಂಬದ ಮನೆಯಾದರಂತೂ ಕೈಮುಗಿ. ಪಾಲುಪಟ್ಟಿ ಆಗದ ಮನೆಯಲ್ಲಿ ಒಬ್ಬರ ಒಪ್ಪಿಗೆ ಪತ್ರ ತಂದರೆ ಉಳಿದ ಪಾಲುದಾರರು ಸುಮ್ಮನಿದ್ದಾರೆ ಎಂದಷ್ಟೇ ಅರ್ಥ, ಒಪ್ಪಿದ್ದಾರೆ ಎಂದಲ್ಲ. ವರ್ಷಕ್ಕೊಮ್ಮೆ ದೈವಕ್ಕೆ ಸೇರುವಾಗ ನಿನ್ನ ಕಂಪನಿ ಬೋರ್ಡಿನ ಕೆಳಗೆ ನಿಂತೇ ಮಾತು ಶುರುವಾಗುತ್ತದೆ.

ಮತ್ತೆ ಸ್ಪೆಲ್ಲಿಂಗು. ಬಿಜೈಯನ್ನು ಇಂಗ್ಲಿಷಿನಲ್ಲಿ ಒಂದು ಕಾಗದದಲ್ಲಿ ಬಿ-ಇ ಎಂದು ಶುರುಮಾಡಿರುತ್ತಾರೆ, ಇನ್ನೊಂದರಲ್ಲಿ ಬಿ-ಐ. ಊರಿನ ಹೆಸರು ಇಂಗ್ಲಿಷಿನಲ್ಲೂ ಮಂಗಳೂರು ಆದದ್ದು 2014ರ ನವೆಂಬರ್ 1ಕ್ಕೆ, ಹಳೆ ಪತ್ರಗಳಲ್ಲಿ ಮ್ಯಾಂಗಲೋರೇ ಉಂಟು. ಡೋರ್ ನಂಬರು ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು, ಮೂರನೆಯದರಲ್ಲಿ ನಂಬರೇ ಇಲ್ಲದೆ ಮನೆಯ ಹೆಸರು ಮಾತ್ರ. ತೆರಿಗೆ ರಶೀದಿಯಲ್ಲಿ ಇದ್ದ ಹಾಗೆ ಅಕ್ಷರ ಬಿಡದೆ ಕರಾರಿನಲ್ಲೂ ಎನ್‌ಒಸಿಯಲ್ಲೂ ಬರೆಸು. "ಚರ್ಚಿನ ಹಿಂದೆ, ಹಲಸಿನ ಮರದ ಗೇಟು" ಎಂಬುದು ರಿಕ್ಷಾದವನಿಗೆ ಸಾಕು, ಪೋರ್ಟಲ್ಲಿಗೆ ಸಾಲದು.

ಕರಾರು ಯಾರ ಹೆಸರಿನಲ್ಲಿ ಎಂದು ನೀನು ಕೇಳಲಿಲ್ಲ, ಕೇಳಬೇಕಿತ್ತು. ಕಂಪನಿ ಹುಟ್ಟುವ ಮೊದಲು ಅದು ಸಹಿ ಹಾಕಲಾರದು. ಆಗ ನಿನ್ನ ಹೆಸರಿನಲ್ಲಿ ಮಾಡಿಸಿ, ಹುಟ್ಟಲಿರುವ ಕಂಪನಿ ಬಳಸಬಹುದು ಎಂದು ಮಾಲೀಕರ ಎನ್‌ಒಸಿಯಲ್ಲಿ ಬರೆಸಿಕೋ. ಕಂಪನಿ ಆದ ಮೇಲೆ ಅದರ ಹೆಸರಿಗೇ ಹೊಸ ಕರಾರು ಮಾಡಿಸು. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಹನ್ನೊಂದು ತಿಂಗಳಿನದ್ದಾದರೆ ನೋಂದಣಿ ಕಡ್ಡಾಯವಲ್ಲ, ವರ್ಷ ದಾಟಿದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಲೇಬೇಕು.

"ವರ್ಚುವಲ್ ಆಫೀಸ್ ತೆಗೆದುಕೊಂಡರೆ ಹೇಗೆ, ಎಲ್ಲ ಅವರೇ ಕೊಡ್ತಾರಂತೆ" ಎಂದು ಕೊನೆಯಲ್ಲಿ ಸೇರಿಸಿದ್ದಿ. ಕೊಡುತ್ತಾರೆ, ಸುಳ್ಳಲ್ಲ. ದುಡ್ಡು ಕಟ್ಟುವ ಮೊದಲು ನಾಲ್ಕು ಮಾತು ಕೇಳು. ಕಟ್ಟಡದ ಮಾಲೀಕರು ಇವರಿಗೆ ಒಳಬಾಡಿಗೆ ಕೊಡಲು ಬರವಣಿಗೆಯಲ್ಲಿ ಅನುಮತಿ ಕೊಟ್ಟಿದ್ದಾರಾ? ನಿನಗೆಂದು ಪ್ರತ್ಯೇಕ ಸೀಟಿನ ಅಥವಾ ಕ್ಯಾಬಿನ್ನಿನ ನಂಬರು ಉಂಟಾ? ಹೊರಗೆ ನಿನ್ನ ಬೋರ್ಡು ನಿಲ್ಲುತ್ತದಾ? ಅಧಿಕಾರಿ ಬಂದರೆ ಎದುರು ಬಂದು ನಿಲ್ಲುವವರು ಯಾರು? ನಾಲ್ಕನೆಯದಕ್ಕೆ "ಫೋನ್ ಮಾಡಿ ಹೇಳ್ತೇವೆ" ಎಂದರೆ ಎದ್ದು ಬಾ. ಜಿಎಸ್‌ಟಿ ಅಧಿಕಾರಿ ಸ್ಥಳ ನೋಡಿ, ಫೋಟೋ ಸಮೇತ ರೆಗ್-30ರಲ್ಲಿ ವರದಿ ಹಾಕುತ್ತಾರೆ. ಕಂಪನಿಗಳ ರಿಜಿಸ್ಟ್ರಾರರಿಗೂ 2022ರ ಆಗಸ್ಟಿನಲ್ಲಿ ಬಂದ ನಿಯಮ 25ಬಿ ಪ್ರಕಾರ ಖುದ್ದು ತಪಾಸಣೆಯ ಕ್ರಮ ಉಂಟು. ಆಸುಪಾಸಿನ ಇಬ್ಬರು ಸಾಕ್ಷಿಗಳ ಎದುರು, ಫೋಟೋ ತೆಗೆದು. ಅಲ್ಲಿ ಕಂಪನಿಯ ಸುಳಿವೇ ಇಲ್ಲದಿದ್ದರೆ ಹೆಸರನ್ನೇ ಪಟ್ಟಿಯಿಂದ ತೆಗೆಯುವ ದಾರಿ ಹಿಡಿಯಬಹುದು.

ಬೋರ್ಡು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಂಪನಿಯ ಹೆಸರು, ರಿಜಿಸ್ಟರ್ಡ್ ಆಫೀಸಿನ ವಿಳಾಸ ಹೊರಗೆ ಕಾಣಬೇಕು, ಊರಿನ ಭಾಷೆಯಲ್ಲೂ. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ನಂತರ ನಾಮಫಲಕದ 60 ಶೇಕಡಾ ಕನ್ನಡವೇ, ಅದೂ ಮೇಲರ್ಧದಲ್ಲಿ. ಜಿಎಸ್‌ಟಿ ನಂಬರೂ ಬಾಗಿಲಿನ ಫಲಕದಲ್ಲಿರಬೇಕು, ಸರ್ಟಿಫಿಕೇಟು ಒಳಗೆ ಎದ್ದು ಕಾಣುವಲ್ಲಿ ತೂಗಬೇಕು. ಫ್ಲೆಕ್ಸ್ ಹಾಕಿಸಬೇಡ, ಒಂದು ಮಳೆಗಾಲಕ್ಕೆ ಹರಿದು ನೇತಾಡುತ್ತದೆ.

ಕಾಸರಗೋಡು ರಸ್ತೆಯಲ್ಲಿ ನಿನ್ನ ಭಾವನ ಅಂಗಡಿ ಖಾಲಿ ಇದೆ ಎಂದದ್ದು ನೆನಪಾಯಿತು. ಅದು ತಲಪಾಡಿ ಗೇಟಿನ ಆಚೆಯೋ ಈಚೆಯೋ? ಆಚೆಯಾದರೆ ಕೇರಳ. ಜಿಎಸ್‌ಟಿ ನಂಬರು ನಮ್ಮ 29ರಿಂದಲ್ಲ, 32ರಿಂದ ಶುರು. ಮುಂದೆ ರಿಜಿಸ್ಟರ್ಡ್ ಆಫೀಸನ್ನು ಈಚೆ ತರಬೇಕಾದರೆ ಮೆಮೊರಾಂಡಮ್ ತಿದ್ದಿ, ರೀಜನಲ್ ಡೈರೆಕ್ಟರರ ಒಪ್ಪಿಗೆ ತರಬೇಕು. ಅದೇ ಮಂಗಳೂರಿನೊಳಗೆ ಬಿಜೈಯಿಂದ ಕದ್ರಿಗೆ ಹೋಗುವುದಾದರೆ ಡೈರೆಕ್ಟರುಗಳ ಬೋರ್ಡಿನ ಒಂದು ನಿರ್ಣಯ, ಒಂದು ಐಎನ್‌ಸಿ-22. ಉಡುಪಿಗಾದರೆ ಷೇರುದಾರರ ವಿಶೇಷ ನಿರ್ಣಯ, ಅದನ್ನು ರಿಜಿಸ್ಟ್ರಾರರಿಗೆ ತಿಳಿಸುವ ಎಂಜಿಟಿ-14 ಫಾರ್ಮ್ ಸಹ. ಜಿಎಸ್‌ಟಿಯಲ್ಲಿ ಬದಲಾವಣೆ ತಿಳಿಸಲು 15 ದಿನ.

ಹಾಗಾದರೆ ನನ್ನ ಸಲಹೆ ಎಂತ? ಗೋಡೌನನ್ನೇ ಎರಡಕ್ಕೂ ಹಾಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅಲ್ಲಿ ಜನ ಇದ್ದಾರೆ, ಕರೆಂಟು ಕಮರ್ಷಿಯಲ್, ಮಾಲೀಕರು ಜೀವಂತ ಇದ್ದಾರೆ. ಕೆಐಎಡಿಬಿ (ಸರಕಾರದ ಕೈಗಾರಿಕಾ ಪ್ರದೇಶ ಮಂಡಳಿ) ಪ್ಲಾಟಾದರೆ ಒಳಬಾಡಿಗೆಗೆ ಮಂಡಳಿಯ ಅನುಮತಿ ಉಂಟಾ ಎಂದು ಮಾತ್ರ ಮೊದಲೇ ಕೇಳು.

"ಅಮ್ಮನ ಮನೆ ಫ್ರೀ ಅಲ್ಲವಾ?" ಎನ್ನುತ್ತಿ. ಕಾನೂನಿನಲ್ಲಿ ಮನೆಗೆ ಅಡ್ಡಿಯಿಲ್ಲ. ಕಂಪನಿಯ ವಿಳಾಸ ಸರಕಾರದ ಪೋರ್ಟಲ್ಲಿನಲ್ಲಿ ಯಾರು ಹುಡುಕಿದರೂ ಸಿಗುತ್ತದೆ, ಸಾಲ ಕೊಡುವವರು, ಬಾಕಿ ಕೇಳುವವರು ಎಲ್ಲ ಸೀದಾ ಜಗಲಿಗೇ ಬರಬಹುದು ಎಂದು ಹೇಳಿ ನಿಲ್ಲಿಸಬಹುದಿತ್ತು. ನನ್ನ ಕಂಪನಿಯ ಆಫೀಸು ಎಲ್ಲಿ ಎಂದು ನಿನಗೆ ಗೊತ್ತಲ್ಲ.

ಐಎನ್‌ಸಿ-22ಕ್ಕೆ ಕಟ್ಟಡದ ಹೊರಗಿನ ಫೋಟೋ, ಒಳಗೆ ಡೈರೆಕ್ಟರ್ ಕೂತ ಫೋಟೋ ಬೇಕು. ಊಟದ ಮೇಜಿನ ಮೇಲಿನ ಉಪ್ಪಿನಕಾಯಿ ಭರಣಿ ತೆಗೆದು ಲ್ಯಾಪ್‌ಟಾಪ್ ಇಟ್ಟೆ. ಹಿಂದಿನ ಗೋಡೆಯಲ್ಲಿ ಅಪ್ಪನ ಫೋಟೋ, ಮಾಲೆ ಸಮೇತ. ಆಫೀಸಿನ ಹಾಗೆ ಕಾಣುವುದಿಲ್ಲ ಎಂದು ಇಳಿಸಿ ಒಳಕೋಣೆಯಲ್ಲಿ ಇಟ್ಟೆ, ಹತ್ತು ನಿಮಿಷಕ್ಕೆ ಎಂದು. ಆಮೇಲೆ ಸರ್ಟಿಫಿಕೇಟು ತೂಗಲು ಮೊಳೆ ಬೇಕಾಯಿತು, ಖಾಲಿ ಮೊಳೆ ಅಲ್ಲೇ ಇತ್ತು. ಅಪ್ಪ ಈಗಲೂ ಒಳಗೇ ಇದ್ದಾರೆ. ಶುಕ್ರವಾರ ಅಮ್ಮ ಎರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸುತ್ತಾಳೆ.

ಹೋದ ವಾರ, ನಾಲ್ಕು ದಿನ ಕಾರ್ಕಳಕ್ಕೆ ಅಕ್ಕನ ಮನೆಗೆ ಹೋಗಿ ಬಾ ಎಂದೆ. "ಹೋಗ್ಲಿಕ್ಕೆ ಅಡ್ಡಿಯಿಲ್ಲ. ನಿನ್ನ ಆಫೀಸು ಯಾರು ನೋಡುವುದು? ಪೋಸ್ಟಿನವನು ಬಂದರೆ?" ಎಂದಳು. ತಮಾಷೆಗೆ ಅಲ್ಲ. ಪೋಸ್ಟು ಬರುವ ಹೊತ್ತೆಂದು ದೇವಸ್ಥಾನದ ಮಧ್ಯಾಹ್ನದ ಪೂಜೆಗೂ ಹೋಗುವುದು ಬಿಟ್ಟಿದ್ದಾಳೆ ಎಂದು ಆವತ್ತೇ ಗೊತ್ತಾದದ್ದು. ಪೋಸ್ಟಿನವನ ಮೊಬೈಲಿನಲ್ಲಿ ಬೆರಳಿನಿಂದ ಸಹಿ ಹಾಕಲಿಕ್ಕೆ ಕಲಿತಿದ್ದಾಳಂತೆ. ಕಾಗದ ತೆಗೆದುಕೊಳ್ಳಲು, ತೆಗೆದುಕೊಂಡಿದ್ದೇನೆ ಎಂದು ಒಪ್ಪಲು ಶಕ್ತಳು, 12ನೇ ಸೆಕ್ಷನ್ ಕೇಳುವ ಹಾಗೆಯೇ. ಊರಿಗೆಲ್ಲ ಕರಾರು ಓದಿ ಹೇಳುವ ನಾನು, ಅವಳ ಎನ್‌ಒಸಿಗೆ ಸಹಿ ಹಾಕಿಸುವಾಗ ಎಂತದಕ್ಕೆ ಎಂದು ಹೇಳಿರಲಿಲ್ಲ. ಅವಳು ಕೇಳಿರಲೂ ಇಲ್ಲ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ ಮಾರಾಯ. ಮೆಸ್ಕಾಂ ಬಿಲ್ಲಿನ ಹತ್ತಿರವೇ ನಿಲ್ಲಿಸಿದ್ದರೆ ಜನ ಜ್ಞಾನಿ ಎನ್ನುತ್ತಿದ್ದರು, ಈಗ ಅಕ್ಕ ಇದನ್ನು ಓದಿ ಫೋನ್ ಮಾಡುತ್ತಾಳೆ. ನನ್ನ ಐಎನ್‌ಸಿ-22ಕ್ಕೆ ಬೋರ್ಡಿನ ನಿರ್ಣಯ ಟೈಪ್ ಮಾಡಿ ಇಟ್ಟಿದ್ದೇನೆ, ದಿನಾಂಕದ ಜಾಗ ಮಾತ್ರ ಖಾಲಿ ಉಂಟು.

ನೀನು ಸೋಮವಾರ ಬರುವಾಗ ಗೋಡೌನಿನ ತೆರಿಗೆ ರಶೀದಿಯ ಮೂಲಪ್ರತಿ ತಾ, ಜೆರಾಕ್ಸ್ ಅಲ್ಲ. ನನ್ನ ಫೀಸು ಒಂದು ಗಡ್‌ಬಡ್ ಐಸ್‌ಕ್ರೀಮು, ಹಳೆ ಬಾಕಿ ಸೇರಿ ಮೂರು. ಮಳೆ ಜೋರುಂಟು, ಕೊಡೆ ತಾ. ನಿನ್ನದೇ ತಾ.

ನಿನ್ನ,
ಗೋಡೆಯ ಮೊಳೆ ಕದ್ದವನು