ಕಿಟಕಿ ಬದಲಿಸುವ ಮುನ್ನ: ಬಡಾವಣೆಯ ಸದಸ್ಯರಿಗೆ

ಎಲ್ಲರಿಗೂ ನಮಸ್ಕಾರ.

ಜೂನ್ ಮಳೆ ಹಿಡಿಯುವ ಮೊದಲೇ ಕಿಟಕಿ ಬದಲಿಸಬೇಕೆಂದು ಹಲವರು ಕೇಳಿದ್ದೀರಿ. ಎಲ್ಲರೂ ಒಂದೇ ಬಗೆಯದನ್ನು ಒಟ್ಟಿಗೆ ತರಿಸೋಣ ಎಂಬ ಮಾತೂ ಬಂದಿದೆ. ನನಗೆ ಇದು ಒಪ್ಪಿಗೆಯಿಲ್ಲ. ವಿನೋಬನಗರದ ನಮ್ಮ ಬೀದಿಯಲ್ಲಿ ಹಂಚಿನ ಮನೆಯೂ ಇದೆ, ತಾರಸಿ ಮನೆಯೂ ಇದೆ, ಅಪಾರ್ಟ್‌ಮೆಂಟೂ ಇದೆ.

ಹಂಚಿನ ಮನೆಯವರೇ, ಗಟ್ಟಿಯಾಗಿರುವ ಸಾಗುವಾನಿ ಚೌಕಟ್ಟನ್ನು ದಯವಿಟ್ಟು ಕೀಳಿಸಬೇಡಿ. ಮಳೆಗಾಲದಲ್ಲಿ ಕದ ಬಿಗಿಯುವುದು ಮರ ತೇವ ಹೀರಿ ಉಬ್ಬುವುದರಿಂದ. ಈಗಲೇ ಬಡಗಿಯನ್ನು ಕರೆಸಿ ಅಂಚು ಸವರಿಸಿ, ಎಲ್ಲ ಬದಿಗೂ ಬಣ್ಣ ಹಚ್ಚಿಸಿ. ಕೆಳ ಅಂಚಿಗೆ ಬಣ್ಣ ಬಳಿಯುವುದನ್ನೇ ಹೆಚ್ಚಿನವರು ಮರೆಯುತ್ತಾರೆ. ನೀರು ಸೇರುವುದು ಅಲ್ಲಿಂದಲೇ. ಗೆದ್ದಲು ತಿಂದಿದ್ದರೆ ಮಾತ್ರ ಬದಲಿಸಿ.

ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಕಿಟಕಿಗೆ ಗೆದ್ದಲೂ ಇಲ್ಲ, ತುಕ್ಕೂ ಇಲ್ಲ. ಆದರೆ ಒಳಗೆ ಸತುವಿನ ಲೇಪವಿರುವ ಉಕ್ಕಿನ ಪಟ್ಟಿ ಇದೆಯೇ ಎಂದು ಕೇಳಿಯೇ ಮುಂಗಡ ಕೊಡಿ. ಅದಿಲ್ಲದಿದ್ದರೆ ಅಗಲದ ಕಿಟಕಿ ಬಾಗುವ ಸಾಧ್ಯತೆ ಹೆಚ್ಚು. ನೈಋತ್ಯ ಮಾರುತದ ಎರಚಲು ಹೊಡೆಯುವ ಪಶ್ಚಿಮದ ಗೋಡೆಗೆ ಜಾರುವ ಕಿಟಕಿ ಬೇಡ. ರಬ್ಬರ್ ಪಟ್ಟಿಗೆ ಒತ್ತಿ ಕೂರುವ, ಹೊರಕ್ಕೆ ತೆರೆಯುವ ಕದವೇ ಇರಲಿ. ಉಳಿದ ಕಡೆ ಜಾರುವುದನ್ನೇ ಹಾಕಿಸುವುದಾದರೆ, ಕೆಳಗಿನ ಹಳಿಯಲ್ಲಿ ನೀರು ಹೊರಹೋಗುವ ರಂಧ್ರಗಳನ್ನು ಸಿಲಿಕೋನ್ ಹಚ್ಚುವವರು ಮುಚ್ಚದಂತೆ ನಿಂತು ನೋಡಿ. ಸಜ್ಜಾ ಚಿಕ್ಕದಿದ್ದರೆ ಮೊದಲು ಅದನ್ನು ಸರಿಪಡಿಸಿ. ಸೊಳ್ಳೆ ಪರದೆಯನ್ನು ಬಿಡಲೇಬೇಡಿ.

ಭಾನುವಾರದೊಳಗೆ ಕಿಟಕಿಗಳ ಫೋಟೊ, ಅಳತೆ ಮತ್ತು ದಿಕ್ಕನ್ನು ಇಲ್ಲಿ ಹಾಕಿ. ಒಂದೇ ಬಗೆಯ ಬೇಡಿಕೆಯಿರುವ ಮನೆಗಳವರು ಕೂಡಿ ದರ ವಿಚಾರಿಸೋಣ.