ಕೆರೆ ಅಂಗಳದಲ್ಲಿ ಟೆಂಟ್: ಮಾರಿಕಣಿವೆ ಕ್ಯಾಂಪಿನವರಿಗೆ ಒಂದು ದೂರು

ಇಂದ,
ತಾಡಪಾಲು ಅಂಗಡಿ ಮಾಲೀಕ,
ಮಂಡಿಪೇಟೆ, ದಾವಣಗೆರೆ.

ಗೆ,
ವ್ಯವಸ್ಥಾಪಕರು,
ಟೆಂಟ್ ಕ್ಯಾಂಪ್, ವಾಣಿವಿಲಾಸ ಸಾಗರದ (ಮಾರಿಕಣಿವೆ) ಹಿನ್ನೀರು,
ಚಿತ್ರದುರ್ಗ ಜಿಲ್ಲೆ.

ವಿಷಯ: ಟೆಂಟ್ ಬಾಡಿಗೆ 5,000 ರೂಪಾಯಿ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ಮೇ ತಿಂಗಳ ಮೊದಲ ಶನಿವಾರ ನಾವು ಆರು ಜನ ನಿಮ್ಮ ಕ್ಯಾಂಪಿಗೆ ಬಂದಿದ್ದೆವು. ಎರಡು ಟೆಂಟ್, ಒಂದಕ್ಕೆ 2,500 ರೂಪಾಯಿ. ಊಟ ತಿಂಡಿಗೆ ತಲೆಗೆ 350. ಒಟ್ಟು 7,100 ರೂಪಾಯಿ ಮುಂಚೆಯೇ ಫೋನ್‌ಪೇ ಮಾಡಿದ್ದೆ. ಗಾಳಿ ಮಳೆಗೆ ಟೆಂಟಿನೊಳಗೆ ನೀರು ನುಗ್ಗಿ, ರಾತ್ರಿ ಒಂದೂವರೆಗೆ ಟೆಂಟ್ ಬಿಟ್ಟು ಗಾಡಿಯಲ್ಲಿ ಕೂತು ಬೆಳಗು ಮಾಡಿದೆವು. ಸೋಮವಾರ ಫೋನ್ ಮಾಡಿ ದುಡ್ಡು ವಾಪಸ್ ಕೇಳಿದರೆ ನಿಮ್ಮ ಆಫೀಸಿನವರು "ಮಳೆ ನಮ್ಮ ಕೈಲಿದ್ಯಾ ಸರ್?" ಅಂದರು. ಇಲ್ಲ, ಮಳೆ ನಿಮ್ಮ ಕೈಲಿಲ್ಲ. ಟೆಂಟ್ ಎಲ್ಲಿ ಹಾಕಬೇಕು ಅನ್ನುವುದು ನಿಮ್ಮ ಕೈಲೇ ಇತ್ತು. ನನ್ನ ದೂರು ಅದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮಳೆಗೆ ಹೆದರುವ ಗಿರಾಕಿ ಅಲ್ಲ. ಇಪ್ಪತ್ತೆರಡು ವರ್ಷದಿಂದ ತಾಡಪಾಲು ಮಾರುತ್ತಿದ್ದೇನೆ. ಮೆಕ್ಕೆಜೋಳದ ರಾಶಿ ಮುಚ್ಚುವವರು, ಚನ್ನಗಿರಿ ಕಡೆಯಿಂದ ಅಡಿಕೆ ಒಣಗಿಸಲಿಕ್ಕೆ ಅಂತ ಬರುವವರು, ಲಾರಿಯವರು, ಮದುವೆ ಶಾಮಿಯಾನದವರು, ಎಲ್ಲರೂ ನನ್ನ ಅಂಗಡಿಗೆ ಬರುತ್ತಾರೆ. ನೀರು ಬಟ್ಟೆಯ ಮೇಲೆ ಹೇಗೆ ನಿಲ್ಲುತ್ತದೆ, ಹೊಲಿಗೆಯಲ್ಲಿ ಹೇಗೆ ಇಳಿಯುತ್ತದೆ ಅಂತ ನೋಡುವುದೇ ನನ್ನ ಕಸುಬು. ಹಾಗಾಗಿ ಆ ರಾತ್ರಿ ಏನು ತಪ್ಪಾಯಿತು ಅಂತ ನನಗೆ ಚೆನ್ನಾಗಿ ಗೊತ್ತಿದೆ.

ನಿಮ್ಮ ಕ್ಯಾಂಪ್ ನಾವು ಸುಮ್ನೆ ಆರಿಸಿಕೊಂಡಿದ್ದಲ್ಲ. ಮನೆಯಲ್ಲಿ ಒಂದು ವಾರ ಚರ್ಚೆ ಆಗಿತ್ತು. ಕೊಂಡಜ್ಜಿ ಕೆರೆ ನಮಗೆ ಹತ್ತಿರ. ಆದರೆ ಅಲ್ಲಿನ ಸ್ಕೌಟ್ ಕ್ಯಾಂಪಿಗೆ ಮಗಳು ಶಾಲೆಯಿಂದ ಹೋಗಿ ಬಂದಿದ್ದಳು, "ಮತ್ತೆ ಅಲ್ಲಿಗೇನಾ?" ಅಂತ ಮುಖ ಊದಿಸಿದಳು. ಸೂಳೆಕೆರೆಗೆ ಹೋಗೋಣ, ದಾರಿಯಲ್ಲಿ ಸಂತೇಬೆನ್ನೂರಿನ ಪುಷ್ಕರಣಿಯನ್ನೂ ನೋಡಿದ ಹಾಗಾಗುತ್ತದೆ ಅಂದದ್ದು ನಾನು. ಮಾರಿಕಣಿವೆಗೆ ಓಟು ಹಾಕಿದ್ದು ನಮ್ಮ ಅವ್ವ. ಅವಳ ತವರು ಹಿರಿಯೂರು ಸೀಮೆ. ಕಟ್ಟೆ ಕಟ್ಟಿ ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಆ ಕೋಡಿ ನೋಡಿದ ಕಥೆಯನ್ನು ಅವರಪ್ಪ ಹೇಳುತ್ತಿದ್ದರಂತೆ. ಆಮೇಲೆ 89 ವರ್ಷ ಕೋಡಿ ಬೀಳಲೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ನೀರು 130 ಅಡಿ ಮುಟ್ಟಿ ಕೋಡಿ ಹರಿದಾಗ ಅವ್ವನನ್ನು ಕರೆದುಕೊಂಡು ಹೋಗಿದ್ದೆವು. ಆ ಜನಜಂಗುಳಿಯಲ್ಲಿ ಅವಳು ನೀರು ನೋಡಿದ್ದಕ್ಕಿಂತ ಜನರ ಬೆನ್ನು ನೋಡಿದ್ದೇ ಜಾಸ್ತಿ. "ಒಂದಿನ ಆ ನೀರಿನ ಪಕ್ಕ ಕುಂತು ರಾತ್ರಿ ಕಳೀಬೇಕು ಕಣೋ" ಅಂತ ಆಗಿನಿಂದ ಹೇಳುತ್ತಿದ್ದಳು.

ನಿಮ್ಮ ಜಾಹೀರಾತಿನ ಫೋಟೋದಲ್ಲಿ ಟೆಂಟಿನ ಬಾಗಿಲಿಗೆ ಹತ್ತು ಹೆಜ್ಜೆಯಲ್ಲಿ ನೀರಿತ್ತು. ಅವ್ವ ಆ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು.

ಆದರೂ ನಾನು ಫೋಟೋ ಒಂದನ್ನೇ ನಂಬಲಿಲ್ಲ. ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿದೆ. ನೀರು ಎಷ್ಟು ದೂರ? "ಪಕ್ಕದಲ್ಲೇ ಸರ್, ಫುಲ್ ಇದೆ." ಟೆಂಟ್ ಇರುವ ಜಾಗ ಎತ್ತರದಲ್ಲಿದೆಯಾ? "ಹೂಂ ಸರ್." ಗಾಳಿಗೆ ಮರೆ ಇದೆಯಾ? "ಮರ ಇದೆ ಸರ್." ವಯಸ್ಸಾದವರು ಇದ್ದಾರೆ, ಶೌಚಾಲಯ ಹತ್ತಿರ ಇದೆಯಾ? "ಎಲ್ಲಾ ವ್ಯವಸ್ಥೆ ಇದೆ ಸರ್, ನೀವು ಬನ್ನಿ." ನಾಲ್ಕು ಪ್ರಶ್ನೆ, ನಾಲ್ಕಕ್ಕೂ ಸಲೀಸಾಗಿ ಉತ್ತರ ಬಂತು. ಆ ಉತ್ತರ ಕೊಟ್ಟವರು ಕ್ಯಾಂಪನ್ನು ಒಂದು ಸಲವಾದರೂ ನೋಡಿದ್ದಾರಾ ಅಂತ ಈಗ ನನಗೆ ಅನುಮಾನ.

ಸಂಜೆ ಐದಕ್ಕೆ ಬಂದಿಳಿದಾಗ ನೀರು ಕಾಣಿಸಿತು, ದೂರದಲ್ಲಿ, ಬೆಳ್ಳಿ ಗೀಟಿನ ಹಾಗೆ. ಟೆಂಟಿನಿಂದ ನೀರಿನ ತನಕ ನಡೆದು ಎಣಿಸಿದೆ. 450 ಹೆಜ್ಜೆ, ಸಾವಿರ ಅಡಿಯ ಸುಮಾರು. ಕೊನೆಯ ಐವತ್ತು ಹೆಜ್ಜೆ ಕಾಲು ಹೂತುಹೋಗುವ ಕೆಸರು. ಅವ್ವ ಅಷ್ಟು ದೂರ ಬರಲಿಲ್ಲ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆ ಗೀಟನ್ನೇ ನೋಡಿದಳು.

ಬೇಸಿಗೆಯಲ್ಲಿ ನೀರು ಇಳಿಯುವುದು ನಿಮ್ಮ ತಪ್ಪಲ್ಲ. ಹಿನ್ನೀರಿನ ಅಂಚು ಸಮತಟ್ಟು, ಊಟದ ತಟ್ಟೆಯ ಹಾಗೆ. ನೂರು ಅಡಿಗೆ ಒಂದಡಿ ಇಳಿಜಾರು ಅಂದುಕೊಳ್ಳಿ. ನೀರು ಹತ್ತಡಿ ಇಳಿದರೆ ಅಂಚು ಸಾವಿರ ಅಡಿ ಹಿಂದಕ್ಕೆ ಹೋಗುತ್ತದೆ. ಅಲ್ಲಿನ ರೈತರಿಗೆಲ್ಲ ಇದು ಗೊತ್ತು. ಕೆರೆ ಮಟ್ಟ ಇಂದು ಎಷ್ಟು ಅಡಿ ಅಂತ ಪೇಪರಿನಲ್ಲೂ ಬರುತ್ತದೆ. ಆದರೆ ಕೆರೆ ತುಂಬಿದಾಗ ತೆಗೆದ ಫೋಟೋ ತೋರಿಸಿ ಮೇ ತಿಂಗಳ ಟೆಂಟ್ ಮಾರುವುದು, ಅದು ತಪ್ಪು. ಕೇಳಿದರೂ "ಫುಲ್ ಇದೆ" ಅನ್ನುವುದು ಇನ್ನೂ ದೊಡ್ಡ ತಪ್ಪು.

ನೀವು ಮಾಡಿದ್ದು ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನೀರು ಹಿಂದೆ ಹೋದಂತೆಲ್ಲ ನೀವು ಟೆಂಟುಗಳನ್ನೂ ಅದರ ಹಿಂದೆ ಕೆಳಕ್ಕೆ ಇಳಿಸಿದ್ದೀರಿ. ಗಿರಾಕಿಗೆ ನೀರು ಸ್ವಲ್ಪ ಹತ್ತಿರ ಕಾಣಲಿ ಅಂತ ಇರಬೇಕು. ನಮ್ಮ ಟೆಂಟ್ ಇದ್ದದ್ದು ದಡದಲ್ಲಲ್ಲ, ಕೆರೆ ಅಂಗಳದಲ್ಲಿ. ಗುರುತು ಎಲ್ಲ ಕಡೆ ಇತ್ತು. ಹಿಂದಿನ ಬಂಡೆಗಳ ಮೇಲೆ ನನ್ನ ಎದೆಯ ಮಟ್ಟಕ್ಕೆ ನೀರು ನಿಂತ ಬಿಳಿ ಗೆರೆ. ಒಣಗಿ ನಿಂತ ಬಳ್ಳಾರಿ ಜಾಲಿಯ ಗಿಡಗಳು, ನೀವು ಹೇಳಿದ ಮರ ಇವೇ ಇರಬೇಕು. ಬಿರುಕು ಬಿಟ್ಟ ಗೋಡು ಮಣ್ಣಿನ ತುಂಬ ಬಸವನಹುಳುವಿನ ಚಿಪ್ಪು. ಮಗಳು ಒಂದು ಡಬ್ಬಿ ತುಂಬ ಆರಿಸಿಕೊಂಡಳು. "ಅಪ್ಪಾ, ಇಲ್ಲಿ ಸಮುದ್ರ ಇತ್ತಾ?" ಅಂತ ಕೇಳಿದಳು. ಹುಡುಗಿಗೆ ಗೊತ್ತಾದದ್ದು ಕ್ಯಾಂಪ್ ನಡೆಸುವವರಿಗೆ ಗೊತ್ತಾಗಲಿಲ್ಲ, ಅಲ್ವಾ?

ಅಂದ ಹಾಗೆ, ತುಂಬಿದಾಗ ಮುಳುಗುವ ಆ ಜಾಗದಲ್ಲಿ ಟೆಂಟ್ ಹಾಕಲು ನೀರಾವರಿ ಇಲಾಖೆಯ ಅನುಮತಿ ಇದೆಯಾ ಅಂತಲೂ ಉತ್ತರದಲ್ಲಿ ತಿಳಿಸಿ.

ಇನ್ನು ರಾತ್ರಿಯ ಮಾತು. ಅದು ಭರಣಿ ಮಳೆಯ ಹೊತ್ತು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತ ನಮ್ಮ ಹಿರಿಯರು ಕಾಯುವ ಮಳೆ. ಹನ್ನೊಂದೂವರೆಗೆ ಮೊದಲು ಗಾಳಿ ಬಂತು. ಚಿತ್ರದುರ್ಗದ ಗಾಳಿ ಹೇಗಿರುತ್ತದೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ಗುಡ್ಡದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರಗಳನ್ನು ಚೆಂದಕ್ಕೆ ಅಂತ ನಿಲ್ಲಿಸಿಲ್ಲ. ಅಂಥ ಕಡೆ, ಬಯಲಲ್ಲಿ, ನಮ್ಮ ಎರಡೂ ಟೆಂಟಿನ ಬಾಗಿಲು ಗಾಳಿ ಬರುವ ದಿಕ್ಕಿಗೇ ಇತ್ತು. ಕಾರಣ ಕೇಳಿದರೆ "ವ್ಯೂ ಸರ್". ಟೆಂಟ್ ಗಾಳಿ ತುಂಬಿದ ಚೀಲದ ಹಾಗೆ ಉಬ್ಬಿಕೊಂಡಿತು. ಗೂಟಗಳು ಒಂದೊಂದಾಗಿ ಕಿತ್ತು ಬಂದವು. ಏನು ಗೂಟ ಅವು! ಸೈಕಲ್ ಚಕ್ರದ ಕಡ್ಡಿಗಿಂತ ಸ್ವಲ್ಪ ದಪ್ಪ, ಗೇಣುದ್ದವೂ ಇಲ್ಲ. ಬಿರುಕು ಬಿಟ್ಟ ಗೋಡು ಮಣ್ಣಿನಲ್ಲಿ ಅದಕ್ಕೆ ಹಿಡಿತವೇ ಸಿಗುವುದಿಲ್ಲ, ನೆನೆದ ಮೇಲಂತೂ ಬೆಣ್ಣೆಗೆ ಚುಚ್ಚಿದ ಹಾಗೆ. ಅಲ್ಲಿಗೆ ಮೊಳದುದ್ದದ ಕಬ್ಬಿಣದ ಗೂಟ ಬೇಕು. ಟೆಂಟಿನಿಂದ ಆಚೆಗೆ ವಾಲಿಸಿ ಹೊಡೆಯಬೇಕು. ನೀವು ನೆಟ್ಟಗೆ ಹೊಡೆದಿದ್ದಿರಿ.

ಆಮೇಲೆ ಮಳೆ. ಮೇಲಿನ ಬಟ್ಟೆ ಸೋರಲಿಲ್ಲ. ನಿಮ್ಮ ಟೆಂಟಿನ ಬಟ್ಟೆ ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ. ನೀರು ಬಂದದ್ದು ಕೆಳಗಿನಿಂದ. ಟಾರ್ಚ್ ಹಾಕಿ ನೋಡಿದೆ. ಟೆಂಟಿನ ಅಡಿಗೆ ಹಾಸಿದ್ದ ನೀಲಿ ತಾಡಪಾಲು ಸುತ್ತಲೂ ಮುಕ್ಕಾಲು ಅಡಿ ಹೊರಗೆ ಚಾಚಿಕೊಂಡಿತ್ತು. ಮೇಲಿನ ಬಟ್ಟೆಯಿಂದ ಇಳಿದ ನೀರೆಲ್ಲ ಆ ಅಂಚಿನ ಮೇಲೆ ಬಿದ್ದು, ಅಲ್ಲಿಂದ ಸೀದಾ ಟೆಂಟಿನ ಅಡಿಗೆ ಹರಿಯುತ್ತಿತ್ತು. ಅಡಿ ಹಾಸು ಟೆಂಟಿಗಿಂತ ಎರಡು ಬೆರಳು ಚಿಕ್ಕದಿರಬೇಕು, ಇಲ್ಲವಾದರೆ ಅಂಚನ್ನು ಒಳಕ್ಕೆ ಮಡಚಬೇಕು. ನಾನು ಅಂಗಡಿಯಲ್ಲಿ ದಿನಾ ಹೇಳುವ ಮಾತು ಇದು. ಅದರ ಮೇಲೆ ಜಾಲಿ ಮುಳ್ಳು ಬೇರೆ. ಟೆಂಟಿನ ತಳದಲ್ಲಿ ಏಳು ಕಡೆ ತೂತು ಎಣಿಸಿದೆ. ಪ್ರತಿ ತೂತಿನಿಂದ ನೀರು ಸಣ್ಣ ಒರತೆಯ ಹಾಗೆ ಉಕ್ಕುತ್ತಿತ್ತು. ಹಾಸಿಗೆ ಹತ್ತು ನಿಮಿಷದಲ್ಲಿ ನೆನೆದು ಮುದ್ದೆಯಾಯಿತು. ಗುಡ್ಡದ ಕಡೆಯಿಂದ ಹರಿದು ಬಂದ ನೀರಿಗೂ ನಾವೇ ದಾರಿಯಲ್ಲಿದ್ದೆವು. ಕೆರೆಗೆ ನೀರು ಬರುವ ದಾರಿಯಲ್ಲಿ ಮಲಗಿದ್ದೆವು ಅಂದರೂ ಸರಿ.

ಇದನ್ನೆಲ್ಲ ತಡೆದುಕೊಳ್ಳುತ್ತಿದ್ದೆ. ಹೆದರಿಸಿದ್ದು ಸಿಡಿಲು. ಮುಂಗಾರಿಗೆ ಮುಂಚಿನ ಮಳೆ ಅಂದರೆ ಸಿಡಿಲಿನ ಮಳೆ. ಬಯಲಿನಲ್ಲಿ ಎತ್ತರ ಅಂತ ಇದ್ದದ್ದು ಟೆಂಟಿನ ಕಂಬಿ ಮತ್ತು ನಾವು ಮಾತ್ರ. ನಮ್ಮ ಮನೆಯವರು "ಗಾಡಿಗೆ ನಡೀರಿ" ಅಂದರು. ಎಪ್ಪತ್ತು ದಾಟಿದ, ಮಂಡಿನೋವಿನ ಅವ್ವನನ್ನು ನಾನೂ ಭಾವನೂ ಎರಡು ಕಡೆ ಹಿಡಿದು ಆ ಜಿಗುಟು ಕೆಸರಿನಲ್ಲಿ ಮೇಲಕ್ಕೆ ಹತ್ತಿಸಿದೆವು. ಅವಳ ಒಂದು ಚಪ್ಪಲಿ ಅಲ್ಲೇ ಹೂತುಹೋಯಿತು. ಗಾಡಿ ಸೇರಿದಾಗ ಒಂದೂವರೆ.

ಶೌಚಾಲಯದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹನ್ನೊಂದು ಟೆಂಟಿಗೆ ಎರಡು, ಅದೂ ದಿಬ್ಬದ ಮೇಲೆ, ದಾರಿಗೆ ದೀಪ ಇಲ್ಲ. ಅವ್ವ ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಇಷ್ಟು ಸಾಕು.

ನಿಮ್ಮ ಕ್ಯಾಂಪಿನ ಹುಡುಗನ ಮೇಲೆ ನನ್ನ ದೂರಿಲ್ಲ. ಅವನ ಮೇಲೆ ನೀವೂ ರೇಗಬೇಡಿ. ಆ ಮಳೆಯಲ್ಲಿ ಒಬ್ಬನೇ ಹನ್ನೊಂದು ಟೆಂಟಿನ ಹಗ್ಗ ಬಿಗಿಯುತ್ತ ಓಡಾಡುತ್ತಿದ್ದ. "ಅಂಕಲ್, ಮೇಲೆ ಗಟ್ಟಿ ನೆಲ ಇದೆ, ಅಲ್ಲಿ ಹಾಕೋಣ ಅಂದ್ರೆ ಫೋಟೋಕ್ಕೆ ಚೆನ್ನಾಗಿ ಬರಲ್ಲ ಅಂತಾರೆ" ಅಂತ ಅವನೇ ಹೇಳಿದ. ಅವನು ಹೇಳಿದ್ದು ಬರೆದೆ ಅಂತ ಅವನ ಕೆಲಸಕ್ಕೆ ಕುತ್ತು ತರಬೇಡಿ. ಊಟದ ಬಗ್ಗೆಯೂ ದೂರಿಲ್ಲ. ಮುದ್ದೆ, ಬಸ್ಸಾರು ಚೆನ್ನಾಗಿತ್ತು. ಅವ್ವ ಇನ್ನೊಂದು ಸೌಟು ಹಾಕಿಸಿಕೊಂಡಳು. ಆದ್ದರಿಂದ ಊಟದ 2,100 ರೂಪಾಯಿ ನಾನು ಕೇಳುತ್ತಿಲ್ಲ. ಟೆಂಟಿನ 5,000 ರೂಪಾಯಿ ಮಾತ್ರ ಕೇಳುತ್ತಿದ್ದೇನೆ.

"ಗಿರಾಕಿ ತಾವಾಗಿ ಟೆಂಟ್ ಬಿಟ್ಟರೆ ಹಣ ವಾಪಸ್ ಇಲ್ಲ" ಅನ್ನುವ ನಿಮ್ಮ ನಿಯಮ ಓದಿದ್ದೇನೆ. ನಾವು ನಾವಾಗಿ ಬಿಟ್ಟವರಲ್ಲ. ಇಲ್ಲದ ನೀರನ್ನು ಇದೆ ಅಂತ ತೋರಿಸಿ ಮಾರಿದ್ದು ದಾರಿ ತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ. ದೂರು ಕೊಡಲು ನಾನು ಹಿರಿಯೂರಿಗೋ ಚಿತ್ರದುರ್ಗಕ್ಕೋ ಅಲೆಯಬೇಕಾಗಿಲ್ಲ. ನಾನಿರುವ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಎರಡು ವರ್ಷದ ಸಮಯವೂ ಇದೆ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವ ದಾರಿ ಇದ್ದೇ ಇದೆ. ಅಲ್ಲಿಯವರೆಗೆ ಹೋಗುವ ಇಷ್ಟ ನನಗಿಲ್ಲ. ನಾನೂ ಅಂಗಡಿ ಇಟ್ಟವನು. ತೂತು ಬಿದ್ದ ತಾಡಪಾಲು ಹೋದರೆ ಬದಲಿ ಕೊಡುತ್ತೇನೆ, ಆಕಾಶದ ಕಡೆ ಕೈ ತೋರಿಸುವುದಿಲ್ಲ. ಈ ಪತ್ರ ಸೇರಿದ ಹದಿನೈದು ದಿನದೊಳಗೆ ಹಣ ನನ್ನ ಖಾತೆಗೆ ಬರಲಿ. ಬಿಳಿ ಗೆರೆಯ ಬಂಡೆ, ತಳದ ತೂತು, ಚಾಚಿದ ಹಾಸು, ಎಲ್ಲದರ ಫೋಟೋ ಈ ಪತ್ರದ ಜೊತೆ ಇಟ್ಟಿದ್ದೇನೆ. ಹಣ ಕಟ್ಟಿದ ರಸೀದಿಯ ನಕಲೂ ಇದೆ.

ಇನ್ನೊಂದು ಮಾತು, ಇದು ದೂರಲ್ಲ. ಟೆಂಟುಗಳನ್ನು ಆ ಬಿಳಿ ಗೆರೆಯಿಂದ ಮೇಲಕ್ಕೆ, ಹುಡುಗ ಹೇಳಿದ ಗಟ್ಟಿ ನೆಲಕ್ಕೆ ಏರಿಸಿ. ಬಾಗಿಲು ಗಾಳಿಗೆ ಬೆನ್ನು ಮಾಡಲಿ. ಜಾಹೀರಾತಿನ ಫೋಟೋ ಕೆಳಗೆ ಅದು ಯಾವ ತಿಂಗಳದ್ದು, ಆಗ ಕೆರೆ ಎಷ್ಟು ಅಡಿ ಇತ್ತು ಅಂತ ಬರೆಯಿರಿ. ನೀರು ದೂರ ಇದ್ದರೂ ಬರುವವರು ಬರುತ್ತಾರೆ. ಮೇಲಿನಿಂದ ಬೆಳಗ್ಗೆ ನೋಡಿದಾಗ ಜಾಗ ನಿಜಕ್ಕೂ ಚೆನ್ನಾಗಿತ್ತು. ಗಾಡಿಯ ಕಿಟಕಿ ಇಳಿಸಿಕೊಂಡು ಅವ್ವ ಅರ್ಧ ಗಂಟೆ ನೋಡಿದಳು.

ನಿಮ್ಮ ಎರಡು ಗೂಟ, ಎರಡೂ ಸೊಟ್ಟ, ನಮ್ಮ ಒದ್ದೆ ಕಂಬಳಿಗೆ ಸಿಕ್ಕಿಕೊಂಡು ದಾವಣಗೆರೆಗೆ ಬಂದಿವೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿದ್ದೇನೆ. ಯಾರನ್ನಾದರೂ ಕಳಿಸಿದರೆ ಕೊಡುತ್ತೇನೆ. ಅವ್ವನ ಚಪ್ಪಲಿ ಕೆಸರು ಒಣಗಿದ ಮೇಲೆ ಸಿಕ್ಕಿದ್ದರೆ ಅವರ ಕೈಲೇ ಕಳಿಸಿ. ಎಡಗಾಲಿನದು, ಕಂದು ಬಣ್ಣ.

ಇಂತಿ ನಿಮ್ಮ ಗಿರಾಕಿ,
ಮಂಡಿಪೇಟೆ, ದಾವಣಗೆರೆ