ಲಕ್ಷದ್ವೀಪಕ್ಕೆ ಹೊರಡುವ ಶುಶ್ರೂಷಕರ ಗಮನಕ್ಕೆ

ಎಲ್ಲರಿಗೂ ಶರಣು ಶರಣಾರ್ಥಿ.

ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಗುತ್ತಿಗೆ ಆಧಾರದ ಕೆಲಸಕ್ಕೆ ಆಯ್ಕೆಯಾಗಿರುವ ನಮ್ಮ ಸದಸ್ಯರು ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕಲಬುರಗಿಯ ಸಾರ್ವಜನಿಕ ಉದ್ಯಾನದಲ್ಲಿ ಸೇರಬೇಕೆಂದು ಕೋರುತ್ತೇನೆ. ಮನೆಯ ಹಿರಿಯರನ್ನೂ ಕರೆತಂದರೆ ಒಳ್ಳೆಯದು, ಏಕೆಂದರೆ ಹೆಚ್ಚಿನ ಆತಂಕ ಅವರದೇ.

ದ್ವೀಪಕ್ಕೆ ಹೊರಗಿನವರು ಹೋಗಲು ಪ್ರವೇಶ ಪರವಾನಗಿಯ ಕಟ್ಟಳೆ ಇರುವುದರಿಂದ, ಅದನ್ನು ಯಾರು ಮಾಡಿಸಿಕೊಡುತ್ತಾರೆ, ವಸತಿ ದೊರೆಯುತ್ತದೆಯೇ ಎಂಬುದನ್ನು ನೇಮಿಸಿಕೊಂಡವರಿಂದ ಬರಹದಲ್ಲಿ ಪಡೆಯುವವರೆಗೆ ಈಗಿನ ಕೆಲಸಕ್ಕೆ ದಯವಿಟ್ಟು ರಾಜೀನಾಮೆ ನೀಡಬೇಡಿ. ವಿಮಾನ ನಿಲ್ದಾಣವಿರುವುದು ಅಲ್ಲಿನ ಇನ್ನೊಂದು ದ್ವೀಪವಾದ ಅಗತ್ತಿಯಲ್ಲಿ ಮಾತ್ರ. ಕವರತ್ತಿಗೆ ಕೊಚ್ಚಿಯಿಂದ ಹಡಗಿನಲ್ಲಿ ಹೋಗಬಹುದಾದರೂ ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ಸಂಚಾರ ಏರುಪೇರಾಗುತ್ತದೆ. ಆದ್ದರಿಂದ ಹಬ್ಬಕ್ಕೆ ತಪ್ಪದೆ ಬರುತ್ತೇವೆಂದು ಮನೆಯಲ್ಲಿ ಮಾತು ಕೊಡದಿರುವುದೇ ಲೇಸು. ನಿತ್ಯ ಔಷಧ ಸೇವಿಸುವವರು ಎರಡು ತಿಂಗಳಿಗಾಗುವಷ್ಟನ್ನು ಜೊತೆಗಿಟ್ಟುಕೊಳ್ಳಿ. ಕಟಕ ರೊಟ್ಟಿ, ಶೇಂಗಾ ಹಿಂಡಿಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ಅಲ್ಲಿನ ರೋಗಿಗಳು ಆಡುವುದು ಮಲಯಾಳಕ್ಕೆ ಹತ್ತಿರದ ಜೆಸರಿ ನುಡಿ. ನೋವು, ಜ್ವರ, ಹೆರಿಗೆ ಕುರಿತ ಮಲಯಾಳ ಮಾತುಗಳನ್ನು ಈಗಿನಿಂದಲೇ ಕಲಿಯಿರಿ.

ನೋಂದಣಿ ಪತ್ರ, ಅನುಭವ ಪತ್ರ ಹಾಗೂ ಆಧಾರ್‌ನ ಎರಡೆರಡು ಪ್ರತಿಗಳನ್ನು ತನ್ನಿ. ಬೀದರ್ ಮತ್ತು ಯಾದಗಿರಿಯಿಂದ ಬರುವವರು ತಮ್ಮ ಹೆಸರನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.